ಬೈಲಹೊಂಗಲದ ನಲವತ್ತಮೂರು ಫ್ರೆಂಚ್ ಪುಸ್ತಕಗಳು

ಹದಿನೈದು ದಿನಗಳ ಹಿಂದೆ ಸವಿತಾ ಫೋನ್ ಮಾಡಿದ್ದಳು. ನಾನು ನಿವೃತ್ತಳಾದ ಮೇಲೆ ಬೈಲಹೊಂಗಲದ ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಸೂಚೀಕರಣದ ಮೇಜಿಗೆ ಬಂದ ಹುಡುಗಿ ಅವಳು. ಚುರುಕು, ಸ್ವಲ್ಪ ಅವಸರದವಳು.

“ಅಕ್ಕಾರ, ಏಳು ಫ್ರೆಂಚ್ ಪುಸ್ತಕಕ್ಕ ಭಾಷಾ ಕೋಡ್ ತಪ್ಪ ಬಿದ್ದೈತ್ರಿ. ಎಫ್ ಆರ್ ಇ ಇರಬೇಕಿತ್ತು, ಎಫ್ ಆರ್ ಎ ಐತಿ. ಉಳಿದ ಮೂವತ್ತಾರು ಬರೋಬ್ಬರಿ ಅದಾವ. ಇವನ್ನ ತಿದ್ದಲೇನ್ರಿ?”

“ಯಾರು ಹಾಕಿದ್ದು ಅಂತ ಐತಿ ಅದರಾಗ?”

“ನಿಮ್ಮ ಹೆಸರ ಐತ್ರಿ.”

“ಎರಡ ದಿನ ತಡಿ. ಅದರ ಕತಿ ಬರದ ಕಳಸ್ತೇನಿ” ಎಂದೆ. ಎರಡು ದಿನ ಹದಿನೈದಾಯಿತು, ಯಾಕೆಂದರೆ ಬರೆಯುವ ಮೊದಲು ನಾನು ಮುನವಳ್ಳಿಗೆ ಹೋಗಿ ಒಂದು ಮಾತು ಹೇಳಿ ಬರಬೇಕಿತ್ತು. ಹೇಳಿ ಬಂದಿದ್ದೇನೆ. ಈಗ ಇದನ್ನು ಸವಿತಾಳಿಗೂ, ಇಂಥ ಮೇಜಿನ ಮುಂದೆ ಬಂದು ಕೂಡುವ ಉಳಿದ ಹುಡುಗ ಹುಡುಗಿಯರಿಗೂ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದಿ ನಿಮಗೆ ಆಗಬೇಕಾದದ್ದೂ ಏನಿಲ್ಲ.

ಸೂಚೀಕರಣ ಎಂದರೆ ಏನೆಂದು ಹೊರಗಿನವರಿಗೆ ಹೇಳಲು ಹೋಗಿ ನಾನು ಬಹಳ ಸಲ ಸೋತಿದ್ದೇನೆ. ಪುಸ್ತಕ ಬರುತ್ತದೆ. ಅದರ ಹೆಸರು, ಬರೆದವರು, ವಿಷಯ, ಭಾಷೆ, ಪುಟಗಳು, ಅಳತೆ ಎಲ್ಲವನ್ನೂ ನೋಡಿ ದಾಖಲೆ ಮಾಡುತ್ತೇವೆ, ಹುಡುಕಿಕೊಂಡು ಬಂದವರಿಗೆ ಸಿಗಲಿ ಎಂದು. ಇಷ್ಟೇ. ನಮ್ಮವ್ವ ಸಾಯುವವರೆಗೂ ಮಗಳು ಪುಸ್ತಕಕ್ಕೆ ಚೀಟಿ ಹಚ್ಚುವ ಕೆಲಸದಲ್ಲಿದ್ದಾಳೆ ಎಂದೇ ತಿಳಿದಿದ್ದಳು. ತೀರ ತಪ್ಪೇನಲ್ಲ.

ಪುಸ್ತಕ ಸಿಕ್ಕವರು ಕೌಂಟರಿನವರಿಗೆ ನಕ್ಕು ಹೋಗುತ್ತಾರೆ. ಸಿಗದವರು ಸುಮ್ಮನೆ ಹೋಗುತ್ತಾರೆ. ಹಿಂದಿನ ಕೋಣೆಯಲ್ಲಿ ಕೂತವಳಿಗೆ ಇಬ್ಬರ ಮುಖವೂ ಕಾಣುವುದಿಲ್ಲ. ಮಧ್ಯಾಹ್ನ ಒಬ್ಬಳೇ ಬುತ್ತಿ ಬಿಚ್ಚಿ ರೊಟ್ಟಿ ಪಲ್ಯ ತಿನ್ನಬೇಕು, ಸಂಜೆ ಬೀಗ ಹಾಕಿಕೊಂಡು ಮನೆಗೆ ಬಂದು ಅಲ್ಲಿನ ಬೀಗ ತೆಗೆಯಬೇಕು. ನನಗೆ ಮದುವೆ ಕೂಡಿ ಬರಲಿಲ್ಲ; ಅವ್ವ ಹೋದ ಮೇಲಂತೂ ಇಡೀ ದಿನಕ್ಕೆ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು. ಈ ಕೆಲಸ ಒಂಟಿತನದ್ದು. ತರಬೇತಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನಮ್ಮ ಸಂಸ್ಥೆಗೆ ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲ ನಾಲ್ಕೂ ಕಡೆ ಕಾಲೇಜುಗಳಿವೆ. ನಾನು ನಾಲ್ಕೂ ಕಡೆ ದುಡಿದವಳು. ಶುರು ಮಾಡಿದ್ದು ಕಿತ್ತೂರಿನಲ್ಲಿ, ಕಾರ್ಡು ಬರೆಯುವುದರಿಂದ. ಒಂದು ಪುಸ್ತಕಕ್ಕೆ ನಾಲ್ಕೈದು ಕಾರ್ಡು. ಇಂಗ್ಲಿಷಿನವನ್ನು ಟೈಪ್ ಮಾಡುತ್ತಿದ್ದೆ, ಕನ್ನಡದವನ್ನು ಕೈಯಲ್ಲಿ ದುಂಡಗೆ ಬರೆಯುತ್ತಿದ್ದೆ. ಪುಸ್ತಕದ ಬೆನ್ನಿಗೆ ಭಾಷೆಗೊಂದು ಬಣ್ಣದ ಪಟ್ಟಿ ಹಚ್ಚುವ ಪದ್ಧತಿ ನಮ್ಮಲ್ಲಿತ್ತು: ಕನ್ನಡಕ್ಕೆ ಹಳದಿ, ಇಂಗ್ಲಿಷಿಗೆ ಬಿಳಿ, ಹಿಂದಿಗೆ ಹಸಿರು, ಮರಾಠಿಗೆ ಕೆಂಪು, ಉರ್ದುವಿಗೆ ನೀಲಿ.

ಮೊದಲ ವರ್ಷವೇ ಎಡವಿದೆ. ಯಾರೋ ದಾನ ಕೊಟ್ಟ ಒಂದು ಗಂಟು ದೇವನಾಗರಿ ಪುಸ್ತಕಗಳು ಬಂದಿದ್ದವು. ನಾನು ಹಿಂದೆ ಮುಂದೆ ನೋಡದೆ ಎಲ್ಲಕ್ಕೂ ಹಸಿರು ಪಟ್ಟಿ ಹಚ್ಚಿ ಹಿಂದಿಯ ಕಪಾಟಿಗೆ ಸೇರಿಸಿದೆ. ಅರ್ಧಕ್ಕರ್ಧ ಮರಾಠಿ ಪುಸ್ತಕಗಳು. ತಿಂಗಳೊಪ್ಪತ್ತಿನಲ್ಲಿ ನಿವೃತ್ತ ಮಾಸ್ತರರೊಬ್ಬರು ಅದರಲ್ಲೊಂದನ್ನು ಹಿಡಿದುಕೊಂಡು ನೇರ ನನ್ನ ಕೋಣೆಗೇ ಬಂದರು.

“ಏನವಾ, ಇದು ಹಿಂದಿ ಏನು?”

“ಅಕ್ಷರ ಹಿಂದೀವ ಅದಾವಲ್ರಿ.”

“ಅಕ್ಷರ ನೋಡಿ ಭಾಷಾ ಹೇಳ್ತಿ? ನಾಳೆ ನಾ ಕೋಟ ಹಾಕ್ಕೊಂಡ ಬಂದ್ರ ಕಲೆಕ್ಟರ ಅಂತೀ ಏನು?”

ಕೌಂಟರಿನಲ್ಲಿದ್ದವರೆಲ್ಲ ನಕ್ಕರು. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಆದರೆ ಆ ಮಾತು ಮನಸ್ಸಿನಲ್ಲಿ ಕೂತಿತು. ಮುಂದೆ ಅದೇ ಮಾತನ್ನು ನಾನು ಇನ್ನೊಬ್ಬರಿಗೆ ಹೇಳಬೇಕಾದ ಹೊತ್ತು ಬಂದಾಗ ಬಾಯಿ ಮುಚ್ಚಿಕೊಂಡಿದ್ದೆ. ಆ ಸಂಗತಿಗೆ ಬರುತ್ತೇನೆ.

ಸವದತ್ತಿಗೆ ವರ್ಗವಾದ ಎರಡನೆಯ ವರ್ಷ, ಒಂದು ಟಂಟಂ ಆಟೋ ಕಾಲೇಜಿನ ಮುಂದೆ ನಿಂತು ಎರಡು ಟ್ರಂಕುಗಳು ಇಳಿದವು. ಹಿಂದೆ ತಲೆಯ ಮೇಲೆ ಸೆರಗು ಹೊದ್ದ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಇಳಿದರು. ಹೆಸರು ಜೈನಬ್. ನಾವೆಲ್ಲ ಮುಂದೆ ಜೈನಬಮ್ಮ ಎಂದೇ ಕರೆದೆವು. ಅವರ ತವರು ದೂರದ ಕಾರೈಕಾಲ್, ಹಿಂದೆ ಫ್ರೆಂಚರ ಕೈಯಲ್ಲಿದ್ದ ಕಡಲ ದಂಡೆಯ ಊರು. ಓದಿದ್ದೆಲ್ಲ ಫ್ರೆಂಚ್ ಶಾಲೆಯಲ್ಲಿ. ಸವದತ್ತಿಯ ಕಡೆಯ ಒಬ್ಬ ಇಂಜಿನಿಯರು ಅಲ್ಲಿ ನೌಕರಿಯಲ್ಲಿದ್ದಾಗ ಅವರನ್ನು ಮದುವೆಯಾಗಿ, ಆಮೇಲೆ ನವಿಲುತೀರ್ಥದ ಡ್ಯಾಮಿನ ಕೆಲಸಕ್ಕೆ ಬಂದು, ಅಲ್ಲಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು ಮುನವಳ್ಳಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದರು. ಪುಸ್ತಕ ಇಡಲು ಜಾಗವಿರಲಿಲ್ಲ.

“ನಮ್ಮನಿಯವರೂ ಅಷ್ಟೋ ಇಷ್ಟೋ ಫ್ರೆಂಚ್ ಕಲತಿದ್ರು” ಎಂದರು ಅವರು, ನಾನು ಕೊಟ್ಟ ನೀರು ಕುಡಿಯುತ್ತ. “ಕ್ವಾರ್ಟರ್ಸಿನ ಗ್ವಾಡಿ ತೆಳ್ಳಗ ಇರತಾವ ನೋಡು, ನಮ್ಮ ಜಗಳಾ ಎಲ್ಲಾ ಫ್ರೆಂಚಿನ್ಯಾಗ. ಬಾಜೂ ಮನಿಯಾವರು ಇವರು ಭಾಳ ಪ್ರೀತೀಲೆ ಅದಾರ ಅಂತ ತಿಳಕೊಂಡಿದ್ರು. ಈಗ ಜಗಳಾಡಾಕ ಯಾರೂ ಇಲ್ಲ.”

ಟ್ರಂಕಿನಲ್ಲಿ ನಲವತ್ತಮೂರು ಪುಸ್ತಕಗಳಿದ್ದವು. ಕತೆ ಕಾದಂಬರಿಗಳು, ಶಾಲೆಯ ಪಠ್ಯಗಳು, ಒಂದು ದಪ್ಪ ನಿಘಂಟು, ಎಣ್ಣೆ ಕಲೆ ಬಿದ್ದ ಒಂದು ಅಡಿಗೆ ಪುಸ್ತಕ. ಕೊಡುವಾಗ ಅವರು ಒಂದೇ ಒಂದು ಮಾತು ಕೇಳಿದರು.

“ಯಾರಾದ್ರೂ ಫ್ರೆಂಚ್ ಓದಾವರು ಇವನ್ನ ಕೇಳ್ಕೋತ ಬಂದ್ರ ನನಗ ತಿಳಸ್ತಿ ಏನು? ಪುಸ್ತಕಾ ನಾ ನೂರ ಸರತಿ ಓದೇನಿ, ಅವು ಹ್ವಾದ್ರ ಹೋಗ್ಲಿ. ನನಗ ಮಾತಾಡಾಕ ಒಂದ ಮನಿಷಾ ಬೇಕು.”

“ತಿಳಸ್ತೇನ್ರಿ ಅಮ್ಮಾರ” ಎಂದೆ. ಮಾತು ಕೊಟ್ಟೆ ಎಂದು ನನಗೆ ಆಗ ಅನಿಸಿರಲಿಲ್ಲ. ಅವರಿಗೆ ಅನಿಸಿತ್ತು.

ಫ್ರೆಂಚಿಗೆ ನಮ್ಮಲ್ಲಿ ಬಣ್ಣವಿರಲಿಲ್ಲ. ಕಿತ್ತೂರಿನ ಮಾಸ್ತರರು ನೆನಪಾದರು. ಬಿಳಿ ಪಟ್ಟಿ ಹಚ್ಚದೆ ಬಜಾರಿಗೆ ಹೋಗಿ ನೇರಳೆ ಬಣ್ಣದ ಕಾಗದ ತಂದು ಕತ್ತರಿಸಿ ಹಚ್ಚಿದೆ. ನಾಲ್ಕು ತಾಲೂಕುಗಳಲ್ಲಿ ನೇರಳೆ ಪಟ್ಟಿಯ ಪುಸ್ತಕಗಳಿದ್ದದ್ದು ಅವಷ್ಟೇ. ಒಂದು ಭಾಷೆ ಬಾರದೆ ಅದರ ಪುಸ್ತಕಕ್ಕೆ ಕಾರ್ಡು ಬರೆಯುವುದು ಎಂದರೆ ಅಕ್ಷರ ಅಕ್ಷರ ನೋಡಿ ಇಳಿಸುವುದು. ಜೈನಬಮ್ಮ ಪಕ್ಕದಲ್ಲಿ ಕೂತು ಒಂದೊಂದೂ ಯಾವುದರ ಬಗ್ಗೆ ಎಂದು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನನ್ನ ನೌಕರಿಯಲ್ಲಿ ಒಬ್ಬರ ಜೊತೆ ಕೂತು ಕೆಲಸ ಮಾಡಿದ ದಿನಗಳು ಅವೇ.

ಆಮೇಲೆ ಇದೊಂದು ರೂಢಿಯಾಯಿತು. ತಿಂಗಳ ಮೊದಲ ರವಿವಾರ ನಾನು ಒಂದು ಪುಸ್ತಕವನ್ನು ನನ್ನ ಹೆಸರಿಗೆ ಪಡೆದು ಮುನವಳ್ಳಿಗೆ ಒಯ್ಯುವುದು, ಹಿಂದಿನ ತಿಂಗಳಿನದನ್ನು ವಾಪಸ್ಸು ತರುವುದು. ಅವರು ಚಹಾ ಮಾಡುತ್ತಿದ್ದರು. ಚಹಾಕ್ಕೆ ಫ್ರೆಂಚಿನಲ್ಲಿ ‘ತೇ’ ಎನ್ನುತ್ತಾರೆಂದು ಕಲಿಸಿದರು. ನನ್ನ ತಲೆಗೆ ಹತ್ತಿದ ಫ್ರೆಂಚ್ ಅದೊಂದೇ. ಹೊರಡುವಾಗ ಬಾಗಿಲವರೆಗೆ ಬಂದು ತಪ್ಪದೆ ಕೇಳುತ್ತಿದ್ದರು: “ಯಾರಾದ್ರೂ ಬಂದಿದ್ರೇನು?”

“ಇಲ್ರಿ ಅಮ್ಮಾರ.”

“ಬರತಾರ ತಗೋ.”

ನಡುವೆ ಕೆಲವು ವರ್ಷ ರಾಮದುರ್ಗದಲ್ಲಿದ್ದೆ. ಅಲ್ಲಿ ಗ್ರಂಥಪಾಲಕರಾಗಿದ್ದ ಹಿರೇಮಠ ಸರ್ ನನಗೆ ಕೆಲಸ ಕಲಿಸಿದವರು. ಕಲಿಸಿದರು ಎಂದರೆ ಬೈದರು ಎಂದರ್ಥ. ಕೆಂಪು ಪೆನ್ನು ಹಿಡಿದು ಒಂದೊಂದು ಕಾರ್ಡನ್ನೂ ನೋಡುತ್ತಿದ್ದರು. ಒಂದು ಸಲ ಎಡಗಡೆ ಬಿಡಬೇಕಾದ ಜಾಗದಲ್ಲಿ ಒಂದಕ್ಷರದಷ್ಟು ಕಡಿಮೆ ಬಿಟ್ಟಿದ್ದಕ್ಕೆ ಇನ್ನೂರು ಕಾರ್ಡುಗಳನ್ನು ಮತ್ತೆ ಟೈಪ್ ಮಾಡಿಸಿದರು. ಸುರೇಬಾನದ ಬಸ್ಸಿನ ಹಾರ್ನ್ ಕಿಟಕಿಯ ಹೊರಗೆ ಕೇಳುತ್ತಿದ್ದರೆ, ಹತ್ತಿ ಎಲ್ಲಿಗಾದರೂ ಹೋಗಿಬಿಡೋಣ ಎನಿಸುತ್ತಿತ್ತು. ಈಗ ಅವರ ಕೆಂಪು ಪೆನ್ನು ನೆನಪಾದರೆ ಕಣ್ಣು ತುಂಬುತ್ತದೆ. ನನ್ನ ಕೆಲಸವನ್ನು ಅಷ್ಟು ಗಮನ ಕೊಟ್ಟು ಓದಿದವರು ಜಗತ್ತಿನಲ್ಲಿ ಅವರೊಬ್ಬರೇ.

ಕಂಪ್ಯೂಟರ್ ಬಂತು. ನಾಲ್ಕೂ ಕಾಲೇಜುಗಳ ಹಳೆಯ, ಅಪರೂಪದ ಪುಸ್ತಕಗಳನ್ನು ಬೈಲಹೊಂಗಲದಲ್ಲಿ ಒಟ್ಟುಗೂಡಿಸಿ ದಾಖಲೆ ಮಾಡಬೇಕೆಂದು ತೀರ್ಮಾನವಾಯಿತು. ಜೈನಬಮ್ಮನವರ ಪುಸ್ತಕಗಳು ಹೊರಟವು, ಅವುಗಳ ಹಿಂದೆ ನಾನೂ. ಧಾರವಾಡದಲ್ಲಿ ನಮಗೆ ತರಬೇತಿ ಕೊಟ್ಟರು. ಇನ್ನು ಮೇಲೆ ಬಣ್ಣದ ಪಟ್ಟಿಗಳಿಲ್ಲ, ಪ್ರತಿ ಭಾಷೆಗೂ ಮೂರಕ್ಷರದ ಒಂದು ಸಂಕೇತ, ಜಗತ್ತಿನ ಯಾವ ಗ್ರಂಥಾಲಯಕ್ಕೆ ಹೋದರೂ ಅದೇ ಎಂದರು. ಕನ್ನಡಕ್ಕೆ kan, ಇಂಗ್ಲಿಷಿಗೆ eng, ಮರಾಠಿಗೆ mar, ಉರ್ದುವಿಗೆ urd. ನನಗೆ ಆ ವಿಚಾರ ಬಹಳ ಹಿಡಿಸಿತು. ಬೈಲಹೊಂಗಲದ ಹಿಂದಿನ ಕೋಣೆಯಲ್ಲಿ ಕೂತು ನಾನು ಹಾಕುವ ಮೂರಕ್ಷರ ಎಲ್ಲೋ ಯಾರಿಗೋ ತಿಳಿಯುತ್ತದೆ ಎಂದರೆ ನಾನೂ ಯಾರದೋ ಜೊತೆ ಮಾತಾಡಿದ ಹಾಗೆಯೇ.

ತರಬೇತಿಯವರು ಸಂಕೇತಗಳ ಪಟ್ಟಿಯ ಝೆರಾಕ್ಸ್ ಕೊಟ್ಟಿದ್ದರು. ಬಂದ ದಿನವೇ ಜೈನಬಮ್ಮನವರ ಪುಸ್ತಕಗಳನ್ನೇ ಮೊದಲು ತೆಗೆದುಕೊಂಡು, ಪಟ್ಟಿ ನೋಡಿ fra ಎಂದು ಹಾಕುತ್ತ ಹೋದೆ. ಏಳು ಪುಸ್ತಕ ಮುಗಿಸಿದಾಗ ಹಿರೇಮಠ ಸರ್ ಬಂದರು. ಆಗ ಅವರು ನಾಲ್ಕೂ ಕಡೆಯ ಕೆಲಸದ ಮೇಲ್ವಿಚಾರಕರು. ನನ್ನ ಹೆಗಲ ಮೇಲಿಂದ ಪರದೆಯನ್ನು ನೋಡಿದರು, ಆಮೇಲೆ ಪಟ್ಟಿಯನ್ನು ಎತ್ತಿ ನೋಡಿದರು.

“ಗಿರಿಜಾ, ನಿನ್ನ ಝೆರಾಕ್ಸ್ ಒಂದ ಸಾಲು ತಿಂದೈತಿ.”

ನಿಜ. ಎಡ ಅಂಚಿನಲ್ಲಿದ್ದ ಸಂಕೇತಗಳ ಇನ್ನೊಂದು ಉದ್ದಸಾಲು ಕತ್ತರಿಸಿ ಹೋಗಿತ್ತು. ಹೆಚ್ಚಿನ ಭಾಷೆಗಳಿಗೆ ಒಂದೇ ಸಂಕೇತ. ಫ್ರೆಂಚಿನಂಥ ಕೆಲವಕ್ಕೆ ಮಾತ್ರ ಎರಡು. ಇಂಗ್ಲಿಷಿನವರು ಆ ಭಾಷೆಯನ್ನು ಕರೆಯುವ ಹೆಸರಿನಿಂದ ಬಂದದ್ದು fre, ಆ ಭಾಷೆಯವರು ತಮ್ಮದನ್ನು ತಾವು ಕರೆದುಕೊಳ್ಳುವ ಹೆಸರಿನಿಂದ ಬಂದದ್ದು fra.

“ಗ್ರಂಥಾಲಯದ ದಾಖಲ್ಯಾಗ ನಾವು ಎಫ್ ಆರ್ ಇ ಬರೀಬೇಕು. ನಮ್ಮ ಸಾಫ್ಟ್‌ವೇರ್‌ಗೂ ಅದೊಂದ ಗೊತ್ತು. ಈ ಏಳನ್ನ ತಿದ್ದಿಬಿಡು.”

“ನಾಳೆ ತಿದ್ದತೇನ್ರಿ ಸರ್.”

ಉಳಿದ ಮೂವತ್ತಾರಕ್ಕೆ fre ಎಂದು ಸರಿಯಾಗಿ ಹಾಕಿದೆ. ಆ ಏಳರ ನಾಳೆ ಬರಲೇ ಇಲ್ಲ. ಸವಿತಾ, ನೀನು ಕಂಡುಹಿಡಿದ ತಪ್ಪು ಹುಟ್ಟಿದ್ದು ಹೀಗೆ. ಸೋಮಾರಿತನ ಅಷ್ಟೇ, ಅದಕ್ಕೆ ಬೇರೆ ಹೆಸರು ಬೇಡ.

ಇದಕ್ಕಿಂತ ದೊಡ್ಡ ತಪ್ಪು ಮುಂದಿನದು. ಹಿರೇಮಠ ಸರ್ ನಿವೃತ್ತರಾಗಿ ಹೋಗಿದ್ದರು. ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅಂಥ ದಿನಗಳು ಹೇಗಿರುತ್ತವೆಂದು ನೌಕರಿ ಮಾಡಿದವರಿಗೆಲ್ಲ ಗೊತ್ತು: ಗೋಡೆಗೆ ಸುಣ್ಣ, ಕುಂಡಗಳಿಗೆ ಕೆಮ್ಮಣ್ಣು, ಕೇಳಿದ್ದಕ್ಕೆಲ್ಲ ಒಂದು ವರದಿ. ನಾನು ಭಾಷಾವಾರು ಪುಸ್ತಕಗಳ ವರದಿ ತೆಗೆದು ಪ್ರಾಚಾರ್ಯರ ಮುಂದಿಟ್ಟೆ. ಕೊನೆಯ ಸಾಲಿನಲ್ಲಿ ಫ್ರೆಂಚ್, ಮೂವತ್ತಾರು. ಆ ಏಳು ಅದರಲ್ಲಿ ಬಂದೇ ಇರಲಿಲ್ಲ, ಯಾಕೆಂದರೆ ಸಾಫ್ಟ್‌ವೇರ್‌ಗೆ ಆ ಸಂಕೇತದ ಗುರುತೇ ಇರಲಿಲ್ಲ. ಮೂವತ್ತಾರರ ಪಕ್ಕದಲ್ಲಿ, ಓದಿದವರು: ಒಬ್ಬರು. ಆ ಒಬ್ಬರು ನಾನು, ಮುನವಳ್ಳಿಗೆ ಒಯ್ಯುತ್ತಿದ್ದವಳು.

“ಇವು ಯಾರ ಸಲುವಾಗಿ ಅದಾವ್ರಿ?” ಪ್ರಾಚಾರ್ಯರು ಕೇಳಿದರು. “ನಮ್ಮಲ್ಲಿ ಫ್ರೆಂಚ್ ಕಲಸೂದಿಲ್ಲ, ಓದಾವರಿಲ್ಲ. ಕಮಿಟಿಯವರು ಕೇಳಿದ್ರ ಏನ್ ಹೇಳೂದು? ಇಂಗ್ಲಿಷಿನ್ಯಾಗ ಸೇರಿಸಿಬಿಡ್ರಿ. ಅಕ್ಷರ ಅವ ಅದಾವಲ್ಲ.”

ಕಿತ್ತೂರಿನ ಮಾಸ್ತರರ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಕಮಿಟಿ ಹೋದ ಮೇಲೆ ತಿರುಗಿ ಹಾಕಿದರಾಯಿತು ಎಂದುಕೊಂಡೆ. fre ಇದ್ದಲ್ಲೆಲ್ಲ eng ಮಾಡು ಎಂದು ಒಂದು ಆದೇಶ ಕೊಟ್ಟು ಗುಂಡಿ ಒತ್ತಿದೆ. ಜೈನಬಮ್ಮನವರ ಜೊತೆ ಕೂತು ವಾರಗಟ್ಟಲೆ ಮಾಡಿದ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಅಳಿಸಿಹೋಯಿತು.

ಸಮಿತಿಯವರು ಬಂದರು, ಕುಂಡಗಳನ್ನು ಹೊಗಳಿದರು, ಹೋದರು. ಫ್ರೆಂಚ್ ಇರಲಿ, ಕನ್ನಡ ಎಷ್ಟಿವೆ ಎಂದೂ ಯಾರೂ ಕೇಳಲಿಲ್ಲ. ನಾನು ಸಂಕೇತಗಳನ್ನು ತಿರುಗಿ ಹಾಕಲಿಲ್ಲ. ಮೊದಲು ಕೆಲಸದ ಗದ್ದಲ, ಆಮೇಲೆ ಮರೆವು. ಆಮೇಲೆ ನೆನಪಾದಾಗ, ಇಷ್ಟು ವರ್ಷ ಯಾರು ಕೇಳಿದ್ದಾರೆ, ಇನ್ನು ಯಾರು ಕೇಳುತ್ತಾರೆ ಎಂಬ ಉದಾಸೀನ. ತಿಂಗಳ ಮೊದಲ ರವಿವಾರ ಮುನವಳ್ಳಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. “ಯಾರಾದ್ರೂ ಬಂದಿದ್ರೇನು?” ಎಂದು ಅವರು ಕೇಳುತ್ತಿದ್ದರು, ಇಲ್ಲ ಎಂದು ನಾನು ಹೇಳುತ್ತಿದ್ದೆ. ಬರಬರುತ್ತ ಅವರ ಕಣ್ಣು ಮಂದವಾಯಿತು. ಬಲಗಣ್ಣಿನ ಆಪರೇಶನ್ ಆಯಿತು, ಫಲಿಸಲಿಲ್ಲ. ಎಡಗಣ್ಣೂ ಅದರ ದಾರಿಯನ್ನೇ ಹಿಡಿಯಿತು. ಕೊನೆಗೆ ನಾನು ಪುಸ್ತಕ ಒಯ್ಯುವುದನ್ನು ನಿಲ್ಲಿಸಿ ಬರಿಗೈಲೆ ಹೋಗತೊಡಗಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅದೇ ಪ್ರಶ್ನೆ ಕೇಳುತ್ತಿದ್ದರು.

ನನ್ನ ನೌಕರಿಯ ಕೊನೆಯ ವರ್ಷ, ಒಂದು ಮಧ್ಯಾಹ್ನ, ಐವತ್ತರ ಮೇಲಿನ ಒಬ್ಬರು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಬಿಳಿ ಅಂಗಿ, ಧೋತರ, ಬಿಸಿಲಲ್ಲಿ ಸುಟ್ಟ ಮುಖ. ಕೈಯಲ್ಲಿದ್ದ ಫೋನನ್ನು ನನ್ನ ಕಡೆ ಹಿಡಿದರು.

“ಅಕ್ಕಾರ, ನಾ ಈರಪ್ಪ ಅಂತ, ಸುರೇಬಾನದಾವ. ಈ ಏಳ ಪುಸ್ತಕ ನಿಮ್ಮಲ್ಲಿ ಅದಾವಂತ ಇದರಾಗ ತೋರಸಾಕ ಹತ್ತೈತ್ರಿ. ಹೌದೇನ್ರಿ?”

ನೋಡಿದೆ. ಆ ವರ್ಷವಷ್ಟೇ ನಮ್ಮ ದಾಖಲೆಗಳನ್ನು ಹಲವು ಗ್ರಂಥಾಲಯಗಳ ಒಂದು ಕೂಡುಪಟ್ಟಿಗೆ ಸೇರಿಸಿದ್ದರು, ಮನೆಯಲ್ಲಿ ಕೂತು ಫೋನಿನಲ್ಲೇ ಹುಡುಕಬಹುದಿತ್ತು. ಆ ಕೂಡುಪಟ್ಟಿಗೆ ಎರಡೂ ಸಂಕೇತಗಳು ತಿಳಿಯುತ್ತಿದ್ದವು. ಫ್ರೆಂಚ್ ಎಂದು ಹುಡುಕಿದವರಿಗೆ ಅದು ನಮ್ಮ ಏಳು ಪುಸ್ತಕಗಳನ್ನು ತೋರಿಸಿತ್ತು. ನಾನು ಸರಿಯಾಗಿ ಬರೆದಿದ್ದ ಮೂವತ್ತಾರು ಇಂಗ್ಲಿಷಿನಲ್ಲಿ ಮುಳುಗಿ ಹೋಗಿದ್ದವು. ತಪ್ಪು ಬರೆದು ತಿದ್ದದೆ ಬಿಟ್ಟ ಏಳು ಮಾತ್ರ ಉಳಿದುಕೊಂಡಿದ್ದವು.

“ನಿಮಗ ಫ್ರೆಂಚ್ ಓದಾಕ ಬರತೈತೇನ್ರಿ?” ಎಂದೆ. ಅನುಮಾನದಿಂದ ಕೇಳಿದ ಹಾಗೆ ಕೇಳಿಸಿರಬೇಕು.

ಅವರು ನಕ್ಕರು. “ಬೋರ್ ಹೊಡಿಯೂ ಗಾಡಿ ಕೂಡ ಆಫ್ರಿಕಾಕ್ಕ ಹೋಗಿದ್ದೆ ರೀ. ಒಂಬತ್ತ ವರ್ಷ. ಅಲ್ಲಿ ಮಂದೆಲ್ಲಾ ಫ್ರೆಂಚ್ ಮಾತಾಡ್ತಾರ. ನಾವು ಇಳಕೊಂಡಿದ್ದ ಹಳ್ಳ್ಯಾಗ ಸಾಲಿ ಮಾಸ್ತರ ಒಬ್ಬರು ಓದಾಕ ಕಲಿಸಿದ್ರು. ಊರಿಗೆ ಬಂದ ಮ್ಯಾಲ ಮಾತಾಡಾವರ ಇಲ್ರಿ. ಕಬ್ಬಿಗೆ ನೀರ ಬಿಟ್ಟ ಕುಂತಾಗ ನಾನ ಮಾತಾಡ್ಕೋತೇನಿ. ಇವಗ ತಲಿ ಕೆಟ್ಟೈತಿ ಅಂತಾರ ಮನ್ಯಾಗ.”

ಜೈನಬಮ್ಮ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಾಯುತ್ತಿದ್ದ ಮನುಷ್ಯ ಬಾಗಿಲಲ್ಲಿ ನಿಂತಿದ್ದರು. ಮಾತು ಉಳಿಸಿಕೊಂಡೆ ಎಂದು ಖುಷಿಪಟ್ಟೆ. ಆ ಖುಷಿ ಉಳಿದದ್ದು ಅರ್ಧ ನಿಮಿಷ.

“ಏಳ ವರ್ಷದ ಹಿಂದೂ ಬಂದಿದ್ದೆ ರೀ ಅಕ್ಕಾರ” ಎಂದರು ಈರಪ್ಪ. “ಕೌಂಟರಿನ್ಯಾಗ ನೋಡಿ ಒಂದೂ ಇಲ್ಲಂದ್ರು. ದೊಡ್ಡ ಕಾಲೇಜಿನ್ಯಾಗ ಇಲ್ಲಂದ ಮ್ಯಾಲ ಈ ಕಡೆ ಎಲ್ಲೂ ಇಲ್ಲ ಅಂತ ಬಿಟ್ಟಬಿಟ್ಟೆ.”

ಅವರನ್ನು ಕೂಡಿಸಿ ನೀರು ಕೊಟ್ಟು ಹಳೆಯ ಸಂದರ್ಶಕರ ಪುಸ್ತಕಗಳನ್ನು ತೆಗೆದೆ. ಸಿಕ್ಕಿತು. ಸಮಿತಿ ಬಂದು ಹೋದ ಮೂರನೆಯ ತಿಂಗಳು. ಆ ದಿನ ನಾನು ಕಿತ್ತೂರಿಗೆ ಪುಸ್ತಕಗಳ ಎಣಿಕೆಗೆ ಹೋಗಿದ್ದೆ. ದಪ್ಪ ಅಕ್ಷರದಲ್ಲಿ ಬರೆದಿತ್ತು: ಈರಪ್ಪ, ಸುರೇಬಾನ. ಬಂದ ಕಾರಣ: ಫ್ರೆಂಚ್ ಪುಸ್ತಕ. ಅದರ ಮುಂದೆ ಕೌಂಟರಿನವರ ಕೈಬರಹದಲ್ಲಿ: ಇಲ್ಲ. ಆ ಪುಸ್ತಕವನ್ನು ತಿಂಗಳ ಕೊನೆಗೆ ಪರಿಶೀಲಿಸಿ ಸಹಿ ಮಾಡುವುದು ನನ್ನ ಕೆಲಸ. ಪುಟದ ಕೆಳಗೆ ನನ್ನ ಸಹಿ ಇತ್ತು. ಎಂದಿನ ಹಾಗೆ ಓದದೆ ಮಾಡಿದ ಸಹಿ.

ಮುಂದಿನ ರವಿವಾರ ಈರಪ್ಪನವರನ್ನು ಮುನವಳ್ಳಿಗೆ ಕರೆದುಕೊಂಡು ಹೋದೆ. ಜೈನಬಮ್ಮ ಮಂಚದ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಈರಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈ ಮುಗಿದು ಏನೋ ಅಂದರು. ಜೈನಬಮ್ಮ ಮುಖವನ್ನು ಆ ಕಡೆ ತಿರುಗಿಸಿದರು. ಮತ್ತೆ ಹೇಳು ಎಂಬಂತೆ ಕೈ ಆಡಿಸಿದರು. ಈರಪ್ಪ ಮತ್ತೆ ಹೇಳಿದರು. ಜೈನಬಮ್ಮನವರಿಗೆ ಮೊದಲು ನಗು ಬಂತು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಮಾತಾಡಲು ಶುರು ಮಾಡಿದರು. ಅಷ್ಟು ಜೋರಾಗಿ, ಅಷ್ಟು ವೇಗವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಕಂಡಿದ್ದ ಜೈನಬಮ್ಮ ನಿಧಾನ, ಸಮಾಧಾನದ ಹೆಂಗಸು. ಇವರು ಬೇರೆಯವರು. ಕೈ ಬೀಸುತ್ತಿದ್ದರು, ನಡುವೆ ಬಾಯಿ ಹಾಕುತ್ತಿದ್ದರು, ತಪ್ಪು ಹಿಡಿದು ಗದರುತ್ತಿದ್ದರು.

ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಒಂದು ತಾಸು ಕೂತಿದ್ದೆ. ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಜೊತೆಗೆ ಹೊಟ್ಟೆಕಿಚ್ಚೂ ಆಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಅಷ್ಟು ವರ್ಷ ಆ ಮನೆಗೆ ಹೋಗಿ ಬಂದವಳು ನಾನು. ನನಗೆ ಇದ್ದದ್ದು ಆ ಒಂದು ಮನೆ.

ಮರುದಿನ ಮೂವತ್ತಾರು ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಒಂದೊಂದನ್ನೂ ಕೈಯಿಂದ fre ಮಾಡಿದೆ. ಪ್ರಾಚಾರ್ಯರನ್ನು ಕೇಳಲಿಲ್ಲ. ಏಳನ್ನು ಮುಟ್ಟಲು ಮನಸ್ಸಾಗಲಿಲ್ಲ. ಈರಪ್ಪ ರವಿವಾರಕ್ಕೊಮ್ಮೆ ಮುನವಳ್ಳಿಗೆ ಹೋಗಿ ಜೈನಬಮ್ಮನವರಿಗೆ ಅವರದೇ ಪುಸ್ತಕಗಳನ್ನು ಓದಿ ಹೇಳತೊಡಗಿದರು. ನಾನು ಮೊದಲು ಎರಡು ಮೂರು ಸಲ ಹೋದೆ. ಆಮೇಲೆ ನಿವೃತ್ತಿಯಾಯಿತು, ಹೋಗುವುದು ಕಡಿಮೆಯಾಯಿತು. ಮೊಣಕಾಲು ನೋವು ಎಂದು ಹೇಳಿಕೊಂಡೆ. ಖರೆ ಕಾರಣ ಮೊಣಕಾಲಲ್ಲ. ಈರಪ್ಪ ಮೊದಲೇ ಬಂದಿದ್ದರು ಎಂಬುದನ್ನು ನಾನು ಜೈನಬಮ್ಮನವರಿಗೆ ಹೇಳಿರಲಿಲ್ಲ. ಈರಪ್ಪನವರೂ ಹೇಳಿರಲಿಲ್ಲ. ದೊಡ್ಡ ಮನುಷ್ಯ.

ಸವಿತಾ, ನಿನ್ನ ಫೋನ್ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೊನ್ನೆ ರವಿವಾರ ಬಸ್ಸು ಹಿಡಿದು ಹೋದೆ. ಈರಪ್ಪ ಓದುತ್ತಿದ್ದರು. ನನ್ನ ಸಪ್ಪಳ ಕೇಳಿ ನಿಲ್ಲಿಸಿದರು.

“ಯಾರು, ಗಿರಿಜಾನ? ಬಾ, ಕುಂಡ್ರು. ಮೊಣಕಾಲ ಹೆಂಗದ?” ಎಂದರು ಜೈನಬಮ್ಮ. ಪಕ್ಕದ ಮನೆಯವರು ಮಾಡಿಕೊಟ್ಟಿದ್ದ ಚಹಾವನ್ನು ಈರಪ್ಪ ಬಗ್ಗಿಸಿ ನನ್ನ ಮುಂದಿಟ್ಟರು.

ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ. ಪ್ರಾಚಾರ್ಯರು ಹೇಳಿದ್ದು, ನಾನು ಗುಂಡಿ ಒತ್ತಿದ್ದು, ಈರಪ್ಪ ಬಂದು ಇಲ್ಲ ಅನ್ನಿಸಿಕೊಂಡು ಹೋದದ್ದು, ಕೆಳಗೆ ನನ್ನ ಸಹಿ.

“ಯಾವಾಗಿಂದು ಅದು?”

“ನಿಮ್ಮ ಕಣ್ಣಿನ ಆಪರೇಶನ್ ಆಗೂಕಿಂತ ಮೊದಲ ರೀ ಅಮ್ಮಾರ. ಆವಾಗ ನೀವು ಓದತಿದ್ರಿ. ಇಬ್ಬರೂ ಕೂಡಿ ಓದಬಹುದಿತ್ತು. ಏಳ ವರ್ಷ ನಾ ಕಳದೆ.”

ಜೈನಬಮ್ಮನವರ ಬೆರಳುಗಳು ಚಾದರದ ಅಂಚನ್ನು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಆಮೇಲೆ ಈರಪ್ಪನವರ ಕಡೆ ತಿರುಗಿ ಫ್ರೆಂಚಿನಲ್ಲಿ ಒಂದು ಉದ್ದನೆಯ ಮಾತು ಹೇಳಿದರು. ಈರಪ್ಪ ತಲೆ ತಗ್ಗಿಸಿದರು.

“ಏನಂದ್ರು?” ನಾನು ಕೇಳಿದೆ.

ಈರಪ್ಪ ನನ್ನ ಮುಖ ನೋಡಲಿಲ್ಲ. “ಚಾ ಆರಾಕ ಹತ್ತೈತಿ, ಕುಡೀರಿ ಅಂದ್ರು.”

ನನ್ನ ತಲೆಗೆ ಹತ್ತಿದ ಫ್ರೆಂಚ್ ಒಂದೇ ಮಾತು ಎಂದು ಮೇಲೆ ಬರೆದೆನಲ್ಲ. ಜೈನಬಮ್ಮ ಆಡಿದ ಮಾತಿನಲ್ಲಿ ‘ತೇ’ ಇರಲಿಲ್ಲ. ಚಹಾ ಕುಡಿದೆ. ಪೂರ್ತಿ ಆರಿತ್ತು. ಹೊರಡುವಾಗ ಅವರು ಮಂಚದಿಂದ ಏಳಲಿಲ್ಲ, ಏನನ್ನೂ ಕೇಳಲಿಲ್ಲ. ಬೀದಿಯ ತಿರುವಿಗೆ ಬಂದಾಗ ಒಳಗಿನಿಂದ ಈರಪ್ಪ ಮತ್ತೆ ಓದಲು ಶುರು ಮಾಡಿದ ದನಿ ಕೇಳಿಸಿತು.

ಆ ಏಳನ್ನೂ ತಿದ್ದಿಬಿಡು ಸವಿತಾ. ಒಂದು ಸಲ ಉಪಕಾರ ಮಾಡಿತೆಂದು ತಪ್ಪನ್ನು ಹಾಗೇ ಇಟ್ಟುಕೊಳ್ಳಬಾರದು. ತಿದ್ದಿದ ಮೇಲೆ ಫ್ರೆಂಚ್ ಎಂದು ಹಾಕಿ ಹುಡುಕು, ನಲವತ್ತಮೂರೂ ಬರಬೇಕು. ಕಪಾಟಿನಲ್ಲಿ ಒಂದು ಕಡಿಮೆ ಇರುತ್ತದೆ. ಅದು ಮುನವಳ್ಳಿಯಲ್ಲಿದೆ, ಈರಪ್ಪ ಓದುತ್ತಿದ್ದಾರೆ, ನೋಟಿಸು ಕಳಿಸಬೇಡ. ಸಂದರ್ಶಕರ ಪುಸ್ತಕಕ್ಕೆ ತಿಂಗಳ ಕೊನೆಗೆ ಸಹಿ ಮಾಡುವ ಮೊದಲು ಒಂದೊಂದು ಸಾಲನ್ನೂ ಓದು. ನನ್ನ ಸಹಿ ಇರುವ ಆ ಪುಟ ಹಳೆಯ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಅದನ್ನು ತಿದ್ದಲು ಬರುವುದಿಲ್ಲ, ಆದರೆ ನೀನು ಒಮ್ಮೆ ತೆಗೆದು ನೋಡು.